ಮೈದಾನದ ವಿಮಾನಕ್ಕೆ ಹೊಸ ಬಣ್ಣ

ಈ ಸಭೆಯ ಅಧ್ಯಕ್ಷರಾದ ನಾಗಭೂಷಣ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಉಪಾಧ್ಯಾಯರೇ, ಮಕ್ಕಳೇ, ಚಾಮರಾಜಪೇಟೆಯ ನನ್ನ ನೆರೆಹೊರೆಯ ಸಭಿಕರೇ,

ನಾನು ಮುನಿಯಮ್ಮ. ಹೈಸ್ಕೂಲಿನವರೆಗೆ ಓದಿದವಳು. ಹಿಂದಿನ ಸಾಲಿನ ಹುಡುಗರು ಮಾತು ನಿಲ್ಲಿಸಿದರೆ ಶುರು ಮಾಡುತ್ತೇನೆ. ಸರಿ.

ಈ ಶಾಲೆಯ ಮೈದಾನದಲ್ಲಿ ತಂದು ನಿಲ್ಲಿಸಿರುವ ಯುದ್ಧವಿಮಾನವನ್ನು ನೀವೆಲ್ಲ ನೋಡಿದ್ದೀರಿ. ಅದು ಯುದ್ಧಕ್ಕೆ ಹೋದದ್ದಲ್ಲ. ಹಾರಿಸಿ ಹಾರಿಸಿ ಪರೀಕ್ಷೆ ಮಾಡುವುದಕ್ಕೆಂದೇ ಇಟ್ಟುಕೊಂಡಿದ್ದ ವಿಮಾನ. ನಾಳೆ ಅದರ ಹಳೆಯ ಬಣ್ಣವನ್ನು ಉಜ್ಜಿ ತೆಗೆದು ಹೊಸದು ಬಳಿಯುತ್ತಾರೆ. ಬಣ್ಣ ಕಾಟನ್‌ಪೇಟೆಯ ನಮ್ಮ ಅಂಗಡಿಯದು, ಅದಕ್ಕೇ ನನಗೆ ಈ ಹಾರ. ಆದರೆ ಆ ಹಳೆಯ ಬಣ್ಣ ಬಳಿದವರು ಯಾರು? ನಮ್ಮ ಯಜಮಾನರು, ದೊಡ್ಡಬೈರಪ್ಪನವರು. ಅದು ನಿಮ್ಮ ಆಹ್ವಾನ ಪತ್ರಿಕೆಯಲ್ಲಿ ಇಲ್ಲ.

ಅವರು ವಿಮಾನ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದರು. ಒಳಗಿನ ವಿಷಯ ಮನೆಯಲ್ಲಿ ಬಾಯಿ ಬಿಡುವಂತಿರಲಿಲ್ಲ. ಬಿಡಲೂ ಇಲ್ಲ. ಆದರೆ ಉಗುರಿನ ಸಂದಿಗೆ ಬೀಗ ಹಾಕಲು ಆಗುತ್ತದೆಯೇ? ಅವರು ಮುದ್ದೆ ಮುರಿಯುವಾಗ ನಾನು ಉಗುರು ನೋಡುತ್ತಿದ್ದೆ. ಮೊದಮೊದಲು ಹಳದಿ ಬೆರೆತ ಹಸಿರು.

"ಹಸಿರು ವಿಮಾನವೇನ್ರೀ?"

"ಸಾರು ಹಾಕು, ಮುನೀ."

ಅದು ಅಡಿಬಣ್ಣವಂತೆ, ಆಮೇಲೆ ತಿಳಿಯಿತು. ಮಧ್ಯಾಹ್ನ ಸಂಡಿಗೆ ಕಾಯುತ್ತಾ ತಾರಸಿಯ ನೆರಳಿನಲ್ಲಿ ಮಲಗಿದರೆ ದೂರದಲ್ಲಿ ಒಂದು ಗುಡುಗು. ಅರೆನಿದ್ದೆಯಲ್ಲಿ ಹಸಿರು ವಿಮಾನವೊಂದು ಸದ್ದಿಲ್ಲದೆ ನಮ್ಮ ಬೀದಿಯ ಹೆಂಚುಗಳ ಮೇಲೆ ತೇಲಿ ಬರುತ್ತಿತ್ತು. ಗಿಳಿಯ ಹಾಗೆ. ಕಣ್ಣು ಬಿಟ್ಟರೆ ಬರೀ ಬಿಸಿಲು.

ಆಮೇಲೆ ಉಗುರು ಬಿಳಿಯಾಯಿತು, ಅಂಚಿನಲ್ಲಿ ಕೆಂಪು. ಆ ವರ್ಷ ಆಯುಧಪೂಜೆಗೆ ಮನೆಯವರನ್ನೂ ಒಳಗೆ ಬಿಟ್ಟರು. ನಿಜವಾದ ವಿಮಾನ ಕಂಡೆ. ಹಾಲಿನಂತೆ ಬಿಳಿ, ಮೂಗಿಗೆ ಕೆಂಪು, ರೆಕ್ಕೆಯ ತುದಿಗೂ ಕೆಂಪು.

"ಕೆಂಪು ಯಾಕ್ರೀ?"

"ಅಷ್ಟು ಮೇಲೆ ಹೋದ್ರೂ ಪರೀಕ್ಷೆ ಮಾಡೋರ ಕ್ಯಾಮೆರಾಗೆ ಕಾಣ್ಲಿ ಅಂತ."

ಇಷ್ಟು ಚೆಂದದ್ದಕ್ಕೆ ದೃಷ್ಟಿಯಾಗದೇ? ಅವರು ಆ ಕಡೆ ತಿರುಗಿದಾಗ ಅದರ ಮೂಗಿಗೆ ಅರಿಶಿನ ಕುಂಕುಮ ಇಟ್ಟೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಕುಂಕುಮ ಅಂಟಿಕೊಂಡೇಬಿಟ್ಟಿತು.

"ಏನ್ ಮಾಡ್ಬಿಟ್ಟೆ ಮಾರಾಯ್ತಿ! ಇನ್ನು ಅಷ್ಟನ್ನೂ ಉಜ್ಜಿ ತೆಗೀಬೇಕು."

"ಅದರ ಮೇಲೇ ಬಳೀರಿ, ನಮ್ಮನೆ ಗೋಡೆಗೆ ಬಳಿಯಲ್ವಾ?"

"ನಿಮ್ಮನೆ ಗೋಡೆ ಹಾರುತ್ತೇನೇ? ಬಣ್ಣದ ಮೇಲೆ ಬಣ್ಣ ಕೂತ್ರೆ ಭಾರ."

ಅವರು ನನ್ನನ್ನು ಬೈದದ್ದು ಅದೊಂದೇ ದಿನ. ನಾನು ಬೈದ ದಿನಗಳ ವಿಚಾರ ಇಲ್ಲಿ ಬೇಡ.

ಕೊನೆಗೆ ಬಂದದ್ದು ಬೂದಿ ಬಣ್ಣ. ಎರಡು ಬಗೆಯ ಬೂದಿ, ಒಂದರೊಳಗೊಂದು ಕರಗಿದ ಮೋಡದ ಹಾಗೆ. ನೀವೀಗ ಮೈದಾನದಲ್ಲಿ ನೋಡುತ್ತಿರುವುದು ಅದೇ. "ಇಷ್ಟು ದುಡಿದು ಕಣ್ಣಿಗೆ ಕಾಣ್ದಿರೋ ಬಣ್ಣಾನಾ ಬಳಿಯೋದು?" ಎಂದು ಕೇಳಿದೆ. "ಕಾಣ್ದಿರೋ ಹಾಗೆ ಬಳಿಯೋದೇ ಕೆಲ್ಸ ಕಣೇ" ಎಂದರು.

ಆ ವಾರವೇ ಹೋದರು. ಎದೆನೋವು ಅಂದವರು ಮತ್ತೆ ಮಾತಾಡಲಿಲ್ಲ. ಸ್ನಾನ ಮಾಡಿಸುವಾಗ ನನ್ನ ಮಗ ವಸಂತ್ ಸೋಪು ಹಚ್ಚಿ ಅವರ ಉಗುರು ತಿಕ್ಕುತ್ತಿದ್ದ. "ಅದನ್ನ ಬಿಡೋ" ಎಂದೆ. "ಕೊಳೆ ಅಮ್ಮಾ" ಎಂದ. "ಬಿಡು ಅಂದ್ನಲ್ಲ."

ಈ ಮಾತು ಇಲ್ಲೇಕೆ ಬಂತೋ. ಸ್ವಲ್ಪ ನೀರು ಕೊಡಿ.

ಇವತ್ತು ಬೆಳಿಗ್ಗೆ ಪೇಂಟರ್ ಪುಟ್ಟಯ್ಯ ನಾಳೆಯ ಕೆಲಸದ ಅಂದಾಜಿಗೆಂದು ಉಜ್ಜುವ ಕಾಗದ ಹಿಡಿದು ವಿಮಾನದ ಹತ್ತಿರ ನಿಂತಿದ್ದ. ಉಜ್ಜುವುದು ಬೇಡ, ಹಾಗೇ ಬಳಿ ಎಂದೆ.

"ಹಿಡಿಯಲ್ಲ ಅಮ್ಮಾ. ಎರಡು ಮಳೆಗಾಲ ಕಳೆದ್ರೆ ಸಿಪ್ಪೆ ಏಳುತ್ತೆ."

"ಏಳ್ಲಿ."

"ಆಮೇಲೆ ಜನ ನನ್ನ ಬೈತಾರೆ."

"ನನ್ನ ಹೆಸರು ಹೇಳು."

ನಾಗಭೂಷಣ್ ಅವರೇ, ಶಾಲೆಗೆ ಹೊಸ ಬಣ್ಣ ಬೇಕು, ಮಕ್ಕಳಿಗೂ ಬೇಕು. ನಾನು ಬೇಡವೆನ್ನುವುದಿಲ್ಲ. ಆದರೆ ಆ ವಿಮಾನ ಇನ್ನು ಹಾರುವುದಿಲ್ಲ, ಭಾರ ಎಷ್ಟಾದರೂ ತಡೆದುಕೊಳ್ಳುತ್ತದೆ. ಉಜ್ಜುವುದಿಲ್ಲ ಎಂದು ಈ ಮೈಕಿನಲ್ಲಿ ನೀವು ಹೇಳಿದ ಮೇಲೆ ನಮ್ಮ ಅಂಗಡಿಯ ಡಬ್ಬಗಳ ಮುಚ್ಚಳ ತೆಗೆಸುತ್ತೇನೆ. ಮುಂದೆ ಎಂದಾದರೂ ಸಿಪ್ಪೆ ಎದ್ದ ಕಡೆ ಆ ಮೋಡ ಇಣುಕಿದರೆ, ಮಕ್ಕಳೇ, ಯಾರಾದರೂ ಬಂದು ನನಗೆ ಹೇಳಿ. ಎರಡು ಬೀದಿಯಾಚೆಗೇ ನನ್ನ ಮನೆ. ನಡೆದು ಬಂದು ನೋಡುತ್ತೇನೆ.

ಇಷ್ಟು ಹೊತ್ತು ಗದ್ದಲ ಮಾಡದೆ ಕೇಳಿದ್ದೀರಿ, ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆ. ಅಧ್ಯಕ್ಷರ ಉತ್ತರಕ್ಕೆ ಕಾದು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.