ಆಕಾಶ ಬಿಡಿಸಿದವಳ ಹೆಸರು

ಮನುಷ್ಯ ಹುಟ್ಟಿದ್ದೇಕೆ ಎಂದು ಯಂತ್ರವೊಂದನ್ನು ಕೇಳುತ್ತ ಎರಡೂವರೆ ಗಂಟೆ ಬೂದಿ ಸುರಿಸಿದ ಸಿನಿಮಾ ನೋಡಿ, ನಂಜುಂಡ ಐರೋಲಿ ಸ್ಟೇಷನ್ನಿನಲ್ಲಿ ಠಾಣೆ ಊರಿಗೆ ಹೋಗುವ ಲೋಕಲ್ ರೈಲುಗಾಡಿಗೆ ಕಾಯುತ್ತಿದ್ದ. ಹಾಲ್‌ನಲ್ಲಿ ಅವನ ಮುಂದಿನ ಸಾಲಿನಲ್ಲಿದ್ದ ಉಡುಪಿ ಕಡೆಯ ದಂಪತಿ ಅದೇ ಬೆಂಚಿಗೆ ಬಂದು ಕೂತರು. ಆ ಮರಾಠಿ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದ ಮೇಲೆ ಅವನು ಪೇಪರು ಓದಿದ್ದು ಬರೀ ನಾಟಕ.

“ಒಬ್ಬನಾದ್ರೂ ಒಂದು ತುತ್ತು ತಿಂದನಾ ವಾರಿಜಾ? ಖಾಲಿ ಹೊಟ್ಟೆಯಲ್ಲಿ ಯಾಕೆ ಹುಟ್ಟಿದೆ ಅಂತ ಕೇಳಿದ್ರೆ ಮೆಷಿನ್ ಎಂತ ಹೇಳುದು?”

“ನಿಮ್ಗೆ ಎಲ್ಲದ್ರಲ್ಲೂ ನಿಮ್ಮ ಹೋಟೆಲೇ. ಆ ಆಕಾಶ ನೋಡಿದ್ರಾ? ನಿಮ್ಮ ಮಗಳು ಸಂಜನಾ ಕಂಪ್ಯೂಟರಲ್ಲಿ ಮಾಡಿದ್ದು.”

“ಬರೀ ಬೂದಿ ಬಣ್ಣ. ಮನೆ ಬಿಟ್ಟು ಎರಡು ವರ್ಷ ಇದನ್ನಾ ಮಾಡಿದ್ದು?”

“ಚಿತ್ರ ಬಿಡಿಸಿದ್ರೆ ಹೊಟ್ಟೆ ತುಂಬುದಿಲ್ಲ, ಹೊರಗೆ ನಡಿ ಅಂದದ್ದು ಯಾರು ಮಾರಾಯ್ರೆ?”

ಗಂಡ ಸಿನಿಮಾ ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟುಕೊಂಡರು.

“ಸಿನಿಮಾದ ಕೊನೆಗೆ ಹೆಸರು ಬರ್ತದೆ ಅಂತ ನಿನ್ನ ಹತ್ರ ಹೇಳಿದ್ಳಲ್ಲ. ಬಂತಾ?”

“ನೀವು ನಿಲ್ಬೇಕಿತ್ತು. ದೀಪ ಹಾಕಿದ ಕೂಡ್ಲೇ ರಶ್ ಆಗ್ತದೆ ಅಂತ ಓಡಿದ್ರಿ.”

“ಬಂತಾ, ಇಲ್ವಾ?”

“ಬಂತು. ಸಂಜನಾ ಮಧ್ವರಾಜ ಅಂತ.”

“ನನ್ನ ಹೆಸರೂ ಹಾಕಿದ್ದಾಳಾ?”

“ಹಾಕಿದ್ದಾಳೆ.”

ನಂಜುಂಡ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಒಂದು ಹೆಸರೂ ಬರುವ ಮೊದಲೇ ಹಾಲ್‌ನವರು ಸಿನಿಮಾ ನಿಲ್ಲಿಸಿಬಿಟ್ಟಿದ್ದರು. ಆ ಹೆಂಗಸು ಖಾಲಿ ಪರದೆಯ ಎದುರು ಒಬ್ಬಳೇ ನಿಂತಿದ್ದನ್ನು ಅವನು ಕಣ್ಣಾರೆ ನೋಡಿದ್ದ.

ಗಾಡಿ ಬಂತು. ಮಧ್ವರಾಜರು ಮೊಬೈಲು ತೆಗೆದರು.

“ಅವಳ ನಂಬರ್ ಹೇಳು.”

“ಗಾಡಿಯಲ್ಲಿ ಸರಿ ಕೇಳುದಿಲ್ಲ. ಮನೆಗೆ ಹೋಗಿ ಮಾಡುವ.”

“ಇಲ್ಲ, ಈಗ್ಲೇ. ಹೆಸರು ಬಂದದ್ದು ಹೇಳ್ಬೇಕು.”

ಇಬ್ಬರೂ ಹತ್ತಿದರು. ನಂಜುಂಡ ಹತ್ತಬೇಕಾದದ್ದೂ ಅದೇ ಗಾಡಿಯೇ. ಆದರೆ ಆ ಫೋನನ್ನೂ ಕದ್ದು ಕೇಳುವುದು ಬೇಡವೆಂದು ಅವನು ಬೆಂಚಿನಿಂದ ಏಳಲಿಲ್ಲ.