ಮೆಕ್ಕೆಜೋಳದ ಹಿಟ್ಟಿನ ಪರೀಕ್ಷೆ

...ಕೂಗಾಡಿ, ಇಬ್ರಾಹಿಂ ಇಕ್ಕಾ! ಒಂದು ಸಲ ಕೂಗಾಡಿಬಿಡಿ. ಹೀಗೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಕೂತರೆ ನಾನು ಹೊರಗೆ ಹೋಗೋದು ಹೇಗೆ? ಚಾಯ ಬೇರೆ ಆರಿಹೋಯ್ತು. ಬೇಡವಾ? ಸರಿ, ತಲೆಯಾದರೂ ಅಲ್ಲಾಡಿಸಿದಿರಲ್ಲ.

ನನಗೆ ಸಂಕಟ ಇಲ್ಲ ಅಂದುಕೊಂಡಿರಾ? ನಿಮ್ಮದು ಕುಂಬಳೆ, ನನ್ನದು ಮೈಸೂರು. ಎಲ್ಲರೂ ಮಲಯಾಳಂ ಮಾತಾಡೋ ಈ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ 'ಜಲಜಕ್ಕಾ' ಅಂತ ಕನ್ನಡದಲ್ಲಿ ಕರೆಯೋರು ನೀವೊಬ್ಬರೇ. ಅಂಥವರು ಹೊರದೇಶದಿಂದ ತರಿಸಿದ ಹಿಟ್ಟಿನಲ್ಲಿ, ತರಿಸಬಾರದ ಕುಲಾಂತರಿ ಮೆಕ್ಕೆಜೋಳ ಇದೆ ಅಂತ ವರದಿಗೆ ಸಹಿ ಹಾಕಬೇಕಾಯ್ತಲ್ಲ... ಗೊತ್ತು, ಗೊತ್ತು. ನಾಳೆ ಬಂದರಿನಲ್ಲಿ ಅಷ್ಟೂ ಹಿಟ್ಟು ನಾಶ ಮಾಡ್ತಾರೆ. ನಿಮ್ಮ ಹೆಂಡತಿ ಫಾತಿಮಾ ಅವರ ಕುರುಕಲು ತಿಂಡಿಯ ಘಟಕ ಮುಚ್ಚಬೇಕು. ಆದರೆ ಹೇಳಿದ್ದು ನಾನಲ್ಲ, ಯಂತ್ರ!

ಯಾಕೆ ಹಾಗೆ ನೋಡ್ತೀರಿ? ನಂಬಿಕೆ ಬರಲಿಲ್ವಾ? ಬನ್ನಿ, ಈ ಸ್ಕ್ರೀನ್ ನೋಡಿ. ನಿಧಾನವಾಗಿ ಹೇಳ್ತೀನಿ, ಅರ್ಥ ಆಗದಿದ್ದರೆ ತಡೀರಿ. ಕುಲಾಂತರಿ ಗಿಡದಲ್ಲಿ ಹೊರಗಿನಿಂದ ಸೇರಿಸಿದ ಜೀನಿನ ಚೂರು ಇರುತ್ತೆ. ಯಂತ್ರ ಆ ಚೂರನ್ನ ಹುಡುಕಿ, ಮತ್ತೆ ಮತ್ತೆ ನಕಲು ತೆಗೆಯುತ್ತೆ. ಒಂದು ಹನಿ ಮಜ್ಜಿಗೆಯಿಂದ ಪಾತ್ರೆ ತುಂಬ ಹಾಲು ಮೊಸರಾಗಲ್ವಾ, ಹಾಗೆ. ನಕಲು ಹೆಚ್ಚಿದ ಹಾಗೆ ಗೆರೆ ಮೇಲೇಳುತ್ತೆ. ಚೂರು ಇಲ್ಲದಿದ್ದರೆ ಗೆರೆ ಮಲಗೇ ಇರುತ್ತೆ. ಅಷ್ಟೇ!

ತಪ್ಪಾಗಲ್ವಾ ಅಂತೀರಾ? ಆಗಬಾರದು ಅಂತಲೇ ಎರಡು ಕೋಣೆ. ಹಿಟ್ಟು ಬಿಚ್ಚೋ ಕೋಣೆ ಬೇರೆ, ಯಂತ್ರದ ಕೋಣೆ ಬೇರೆ. ಯಂತ್ರದ ಕೋಣೆಗೆ ಹೋದವರು ಆ ದಿನ ಹಿಟ್ಟಿನ ಕೋಣೆಗೆ ವಾಪಸ್ ಬರೋ ಹಾಗಿಲ್ಲ. ಕೈಗೆ, ಬಟ್ಟೆಗೆ ಆ ನಕಲುಗಳು ಅಂಟಿರುತ್ತವೆ. ಕಣ್ಣಿಗೆ ಕಾಣಲ್ಲ.

ನಾನಾ? ನಾನು ಯಾಕೆ ವಾಪಸ್... ಅವತ್ತು ಫೋನ್ ಹಿಟ್ಟಿನ ಕೋಣೆಯಲ್ಲೇ ಬಿಟ್ಟಿದ್ದೆ, ಇಕ್ಕಾ. ಒಂದೇ ಸಮನೆ ರಿಂಗಾಗ್ತಿತ್ತು. ಮಗಳು ಮಹತಿಗೆ ಜ್ವರ. ಅವಳು ತಿರುವನಂತಪುರದಲ್ಲಿ, ಅಪ್ಪನ ಜೊತೆ. ಅವರಿಗೆ ಅಲ್ಲೇ ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ, ನನಗೆ ಇಲ್ಲಿ. ಫೋನ್ ತಗೊಂಡೆ, ಬಂದೆ. ಏನನ್ನೂ ಮುಟ್ಟಲಿಲ್ಲ... ಪರೀಕ್ಷೆಗೆ ಅಂತ ಮೇಜಿನ ಮೇಲಿಟ್ಟಿದ್ದ ಟ್ಯೂಬುಗಳನ್ನ ಸ್ವಲ್ಪ ಸರಿಸಿದೆ, ಅಷ್ಟೇ.

ವರದಿ ವಾಪಸ್ ತಗೊಳ್ಳೋದು ಸುಲಭ ಅಂದ್ಕೊಂಡಿರಾ? ನಮ್ಮ ಮುಖ್ಯಸ್ಥರು ಅಚ್ಯುತ ಸರ್ ಯಾಕೆ ಅಂತ ಕೇಳ್ತಾರೆ. ತಿರುವನಂತಪುರದ ಹೊಸ ಲ್ಯಾಬ್ ನನಗೇ ಅಂತ ಮಾತು ಕೊಟ್ಟಿದ್ದಾರೆ. ಒಂದೇ ಒಂದು ತಪ್ಪು ವರದಿ ಅಂತ ಆದರೆ ಅದು ಹೋಯ್ತು! ಮಗಳ ಮುಖವನ್ನ ಇನ್ನೂ ಎಷ್ಟು ದಿನ ಶನಿವಾರ ಮಾತ್ರ ನೋಡಲಿ?

ಅಯ್ಯೋ, ಹಾಗಲ್ಲ! ತಪ್ಪಾಗಿದೆ ಅಂತ ನಾನು ಎಲ್ಲಿ ಹೇಳಿದೆ? ತಪ್ಪಾದರೆ ಗೊತ್ತಾಗಿಬಿಡುತ್ತೆ. ಪ್ರತಿ ಸಲವೂ ಹಿಟ್ಟಿನ ಜೊತೆ ಇನ್ನೆರಡು ಟ್ಯೂಬು ಇಡ್ತೀವಿ. ಒಂದರಲ್ಲಿ ನಾವೇ ಬೇಕಂತ ಹಾಕಿದ ಕುಲಾಂತರಿ ಜೋಳ. ಅದರ ಗೆರೆ ಏಳಲೇಬೇಕು. ಇನ್ನೊಂದರಲ್ಲಿ ಬರೀ ನೀರು. ಅದು ಏಳಲೇಬಾರದು. ಎದ್ದರೆ ಕೊಳೆ ಸೇರಿದೆ ಅಂತ ಅರ್ಥ, ಇಡೀ ಪರೀಕ್ಷೆಯನ್ನೇ ಬಿಸಾಕಬೇಕು...

ಏನು ಎಣಿಸ್ತಿದ್ದೀರಿ?

ಬೆರಳು ತೆಗೀರಿ, ಸ್ಕ್ರೀನ್ ಮುಟ್ಟಬಾರದು. ಹೌದು, ಮೇಲಿನದು ಕುಲಾಂತರಿ ಜೋಳ. ಹೌದು, ಅದರ ಕೆಳಗಿನದು ನಿಮ್ಮ ಹಿಟ್ಟು. ಇನ್ನೊಂದಾ? ಅದು... ಬೆಳಕು ಬಿದ್ದು ಹಾಗೆ ಕಾಣುತ್ತೆ. ಇಲ್ಲ, ಎದ್ದಿದೆ, ಎದ್ದಿದೆ...

ಇಕ್ಕಾ...

ನೀರು. ಅದು ನೀರು.