ಎಂಟು ಗಂಟೆಯ ಖಾಲಿ ಕುರ್ಚಿಗಳು

ಮೂಳೆ ಡಾಕ್ಟರ ಬಾಗಿಲಲ್ಲಿ ಕಾದೂ ಕಾದೂ ಕುತ್ತಿಗೆ ನೋವು ಇನ್ನಷ್ಟು ಹೆಚ್ಚಾಗಿದ್ದ ದರ್ಜಿಗೆ, ಪಕ್ಕದಲ್ಲಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಗಲಿಗೆ ಪಟ್ಟಿ ಕಟ್ಟಿಕೊಂಡವನು ಸರ್ಕಾರಿ ಟೀವಿಯ ಕ್ಯಾಮೆರಾದವನು. ಜೊತೆಗೆ ಬಂದವನು ಅಲ್ಲೇ ಸುದ್ದಿಯ ಎಡಿಟರ್. ಚುನಾವಣೆಗೆ ಇನ್ನು ಹತ್ತೇ ದಿನ.

“ವಿರೋಧ ಪಕ್ಷದವರ ಸಭೆ ಇದ್ದಿದ್ದು ಹತ್ತಕ್ಕೆ. ನನ್ನನ್ನ ಎಂಟಕ್ಕೇ ಅಟ್ಟಿದ್ರು. ಖಾಲಿ ಕುರ್ಚಿ ಶೂಟ್ ಮಾಡ್ಕೊಂಡು ವಾಪಸ್ ಬಾ ಅಂದ್ರು.”

“‘ಜನರೇ ಇಲ್ಲದ ಸಭೆ’ ಅಂತ ನಾನೂ ಅದನ್ನೇ ಜೋಡಿಸಿದೆ. ಆಡಳಿತ ಪಕ್ಷಕ್ಕೂ ಅವರಿಗೂ ಸಮಸಮ ಎರಡೆರಡು ನಿಮಿಷ. ಗಡಿಯಾರ ಹಿಡಿದು ಅಳೆದ್ರೂ ತಪ್ಪು ಸಿಗಲ್ಲ.”

ಕತ್ತರಿ ಆಡಿಸುವ ಕಸುಬು ತನ್ನದೊಂದೇ ಅಲ್ಲ ಅಂದುಕೊಂಡ ದರ್ಜಿ.

“ಆಡಳಿತ ಪಕ್ಷದವರ ಸಭೆಗೆ ಮಾತ್ರ, ಜನ ಜಾಸ್ತಿ ಕಾಣ್ಲಿ ಅಂತ ನನ್ನನ್ನ ಕ್ರೇನ್ ಹತ್ತಿಸಿದ್ರು ನೋಡು. ಈ ಹೆಗಲು ಹೋಗಿದ್ದೇ ಅಲ್ಲಿ.”

“ಹೋಗ್ಲಿ ಬಿಡಯ್ಯ. ನಮ್ಮದೇನಿದೆ, ಹೇಳಿದಷ್ಟು ಮಾಡೋದು.”

“ನಮ್ಮಕ್ಕ ಆ ಹತ್ತು ಗಂಟೆ ಸಭೆಗೆ ಹೋಗಿದ್ಲು ಕಣಯ್ಯ. ಜಾಗ ಸಾಲದೆ ಒಂದೊಂದು ಕುರ್ಚಿಲಿ ಇಬ್ಬಿಬ್ಬರು ಕೂತಿದ್ರಂತೆ.”

“ಅಯ್ಯೋ. ಸುದ್ದಿ ನೋಡಿದ್ಲಾ?”

“ಸಂಜೆ ನನ್ನ ಪಕ್ಕದಲ್ಲೇ ಕೂತು ನೋಡಿದ್ಲು.”

“ಬೈದ್ಲಾ?”

“ಬೈದಿದ್ರೆ ಚೆನ್ನಾಗಿತ್ತು.”

ನರ್ಸ್ ನಂಬರ್ ಕೂಗಿದಳು. ಕ್ಯಾಮೆರಾದವನು ನೋಯದ ಕೈ ಊರಿ ಎದ್ದ.

“ಮತ್ತೇನಂದ್ಲು?”

“‘ಮುಂದಿನ ಸಭೆಗೆ ನಾನು ಎಂಟಕ್ಕೇ ಹೋಗಿ ಕೂತ್ಕೋತೀನಿ ತಮ್ಮಾ, ನಿನ್ನ ಕ್ಯಾಮೆರಾಗೆ ಒಬ್ಬಳಾದ್ರೂ ಸಿಗಲಿ’ ಅಂದ್ಲು,” ಎನ್ನುತ್ತಾ ಅವನು ಒಳಗೆ ನಡೆದ.